ಕಲ್ಲವ್ವನ ‘ಯಾಕ’

ಗುಡೂರಿನ ಹತ್ತಿರದ ಹಳ್ಳಿಯ ಸಾಲಿಯಲ್ಲಿ ಏಳನೇ ತರಗತಿಯ ಮಕ್ಕಳಿಗೆ ನಾನು ಒಂದು ಸಲಿಗೆ ಕೊಟ್ಟಿದ್ದೆ. ಯಾರು ಏನೇ ಹೇಳಲಿ, ಟೀಚರ್ ಆದ ನಾನೇ ಹೇಳಲಿ, ‘ಯಾಕ’ ಅಂತ ಕೇಳಬಹುದು, ಕೇಳಿದವರನ್ನು ಬೈಯುವಂತಿಲ್ಲ.

ಒಂದು ಮುಂಜಾನೆ ಅದೇ ತರಗತಿಯ ಕಲ್ಲವ್ವನ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಕುರಿ ಕಾಯುವ ಬಡಿಗೆ ಹಿಡಿದು ಸೀದಾ ತರಗತಿಯೊಳಗೇ ಬಂದರು. ಕಲ್ಲವ್ವ ತಲೆ ತಗ್ಗಿಸಿದಳು.

“ಯಾಕ ಅಂತ ಕೇಳೂದು ಕಲಿಸಿದವ್ರು ನೀವ ಏನ್ರಿ ಅಕ್ಕೋರ?”

ಹೆಡ್‌ಮಾಸ್ತರರು ಬಾಗಲಕೋಟೆಗೆ ಮೀಟಿಂಗಿಗೆ ಹೋಗಿದ್ದರು. ಬಡಿಗೆಯ ಮೇಲಿಂದ ಕಣ್ಣು ಕೀಳದೆ “ಹೌದ್ರಿ” ಅಂದೆ.

“ಈಕಿ ಅಣ್ಣನ್ನ ಇಳಕಲ್ಲಿನ ಹೈಸ್ಕೂಲಿಗೆ ಹಾಕೇನಿ. ಈಕಿಗೆ ‘ನೀ ಇನ್ನ ಸಾಲಿ ಬಿಟ್ಟು ಕುರಿ ಕಾಯಿ’ ಅಂದ್ರ, ಮಂದಿ ಮುಂದ ಕೇಳ್ತಾಳ್ರಿ, ಅವಗ್ಯಾಕ ಸಾಲಿ, ನನಗ್ಯಾಕ ಕುರಿ ಅಂತ. ಭಾಳ ವಿಚಾರ ಮಾಡಿದೆ. ಏನ್ ಹೇಳ್ಬೇಕ್ರಿ ನಾ?”

ಅವರು ಬೈಯುತ್ತಿದ್ದಾರೋ, ಖರೇನ ಕೇಳುತ್ತಿದ್ದಾರೋ ತಿಳಿಯಲಿಲ್ಲ. ನಾನು ಮೇಜಿನ ಹಿಂದಕ್ಕೆ ಸರಿದು ನಿಂತೆ. ಸುಳ್ಳು ಹೇಳುವುದಕ್ಕೂ ಧೈರ್ಯ ಬೇಕು, ಅದೂ ನನ್ನಲ್ಲಿರಲಿಲ್ಲ.

“ಅದಕ್ಕ ಉತ್ತರ ನನ್ನ ಹತ್ರನೂ ಇಲ್ರಿ” ಅಂದೆ.

ಅವರು ಬಡಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು.

“ಅಕ್ಕೋರಿಗೇ ಗೊತ್ತಿಲ್ಲಂದ್ರ ನಾ ಎಲ್ಲಿಂದ ತರ್ಲಿ? ಈಕೀನೂ ಇಳಕಲ್ಲಿಗೆ ಹೋಗ್ಲಿ ತಗೋರಿ” ಎಂದು ಹೊರಗೆ ನಡೆದರು.

ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕುರ್ಚಿ ಹಿಡಿದು ಕೂತೆ. ಮಕ್ಕಳ ಅಂಜಿಕೆ ಬಿಡಿಸುವುದು ಹೇಗೆಂದು ತರಬೇತಿಯಲ್ಲಿ ಚೆನ್ನಾಗಿಯೇ ಕಲಿಸಿದ್ದರು. ಟೀಚರ್ ಅಂಜಿಕೆ ಬಿಡಿಸುವ ಪಾಠ ಬರುವಷ್ಟರಲ್ಲಿ ಬಹುಶಃ ಊಟದ ಗಂಟೆ ಹೊಡೆದಿತ್ತು.