ಜೋಗಿಮಟ್ಟಿಯ ಇಳಿಜಾರಿನಲ್ಲಿ

ನಾನು ನಿನಗೆ ಹೇಳಲಿಲ್ಲ, ಸರೋಜಕ್ಕ. ಮರೆತದ್ದಲ್ಲ — ಬೇಕೆಂದೇ ಹೇಳಲಿಲ್ಲ.

ಎಪ್ಪತ್ತರ ದಶಕದ ಆ ಜೋಗಿಮಟ್ಟಿ ಬೆಟ್ಟದ ಪಿಕ್ನಿಕ್, ಪಿಕ್ನಿಕ್ಕೇ ಆಗಿರಲಿಲ್ಲ. ಗಂಡಿನ ಕಡೆಯವರು ಎರಡು ಸಲ ಬಂದು ನೋಡಿ ಒಲ್ಲೆವು ಎಂದ ಮೇಲೆ ನೀನು "ಇನ್ಯಾರ ಮುಂದೂ ಕುಂತ್ಕಳಲ್ಲ" ಎಂದು ಹಠ ಹಿಡಿದಿದ್ದೆಯಲ್ಲ, ಅದಕ್ಕೇ ನಿನ್ನಮ್ಮ — ನನ್ನ ದೊಡ್ಡಮ್ಮ — ಹೊರಡುವ ಬೆಳಿಗ್ಗೆ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು: "ಹುಡುಗನ ಕಡೇರು ಮೇಲೆ ಬಂಗ್ಲೆ ತಾವ ಬರ್ತಾರೆ. ನಾನು ಹೇಳಿದ್ರೆ ರೇಗ್ತಾಳೆ. ನೀನೇ ನಿಧಾನಕ್ಕೆ ಹೇಳವ್ವ."

ಹುಡುಗ, ಹೊಸದುರ್ಗದ ಮೇಷ್ಟ್ರು. ಯಾವುದೋ ಮದುವೆಯಲ್ಲಿ ನೋಡಿ ನೀನು ಮನಸ್ಸಿಟ್ಟಿದ್ದವರು — ಅದು ನನ್ನೊಬ್ಬಳಿಗೇ ಗೊತ್ತಿತ್ತು. ಆ ಗುಟ್ಟು ಹೇಳುವಾಗ ನೀನು ನಕ್ಕಿದ್ದೆ: "ಅವರ ಇಂಗ್ಲಿಷ್ ಮುಂದೆ ನಿನ್ನ ಕಾನ್ವೆಂಟು ಎಲ್ಲೈತೆ ಬಿಡೇ!" ಅಷ್ಟೇ. ಅಷ್ಟು ಸಣ್ಣ ಮಾತಿಗೆ... ಸ್ಟುಪಿಡ್ ಪ್ರೈಡ್.

ಕಾಡು ದಾಟಿ ಜೀಪು ಹುಲ್ಲುಗಾವಲು ಸೇರಿದಾಗ ಗಾಳಿಗೆ ನಿಲ್ಲಲಾಗುತ್ತಿರಲಿಲ್ಲ. ನಾನೇ ಕೆಣಕಿದೆ: "ಇಲ್ಲಿಂದ ಉರುಳ್ತೀಯಾ? ಬೆಟ್!" ನೀನು ಸೆರಗು ಬಿಗಿದು, ಕೇಕೆ ಹಾಕುತ್ತಾ ಉರುಳಿದೆ. ಕೆಳಗೆ, ಬಂಗಲೆಯ ಮುಂದೆ, ಎದ್ದು ನಿಂತಾಗ ಜಡೆ ತುಂಬ ಹುಲ್ಲು, ಎದುರಿಗೆ ಅವರು. ಮೇಷ್ಟ್ರ ತಾಯಿ ಮಗನ ತೋಳು ಹಿಡಿದರು. "ಸಾಕು, ನಡಿಯಪ್ಪ, ಹೋಗಾಣ." ಮೇಷ್ಟ್ರು ಒಮ್ಮೆ ತಿರುಗಿ ನೋಡಿದರು. ಹೋದರು.

ದೊಡ್ಡಮ್ಮ ನನ್ನನ್ನು ಪಕ್ಕಕ್ಕೆಳೆದಳು. "ಅವಳಿಗೆ ನೀನು ಹೇಳಿದ್ದೆ ತಾನೆ?"

"ಹೇಳಿದ್ದೆ, ದೊಡ್ಡಮ್ಮ."

ಹಠಕ್ಕೇ ನೀನು ಹಾಗೆ ಮಾಡಿದೆ ಎಂದು ನಂಬಿಕೊಂಡೇ ಅವಳು ಸತ್ತಳು. ಮೇಷ್ಟ್ರ ಮನೆಯವರು ಆಕಸ್ಮಿಕವಾಗಿ ಅಲ್ಲಿಗೆ ಬಂದಿದ್ದರು ಎಂದು ನೀನು ಇಂದಿಗೂ ನಂಬಿದ್ದೀಯ. ಆಮೇಲೆ ಹೆಂಡತಿ ಸತ್ತಿದ್ದ ಹಿರಿಯೂರಿನವರ ಎರಡನೇ ಸಂಬಂಧಕ್ಕೆ ನೀನು ಹಠ ಮಾಡದೆ ಒಪ್ಪಿಕೊಂಡೆ. ನಾನು ರೇಷ್ಮೆ ಸೀರೆಯುಟ್ಟು ನಿನ್ನ ಮದುವೆ ಊಟ ಬಡಿಸಿದೆ.

ಹೇಳಲು ಎಷ್ಟು ಸಲ ಬಾಯಿ ತೆರೆದಿದ್ದೇನೆ! ನೀನಾದರೂ ಬಿಡಬೇಕಲ್ಲ. ಜೋಗಿಮಟ್ಟಿ ಎಂದರೆ ಸಾಕು — "ಅಯ್ಯೋ, ಅವತ್ತು ಹೆಂಗೆ ಉರುಳಿದ್ದೆ ಕಣೇ! ಜೀವಮಾನದಾಗೆ ಅಷ್ಟು ನಕ್ಕಿದ್ದು ಅದೊಂದೇ ದಿನ" ಎನ್ನುತ್ತಾ ಕಾಫಿ ಮಾಡಲು ಎದ್ದುಬಿಡುತ್ತೀಯ. ನನಗೆ ಕಿರುಚಬೇಕು ಅನ್ನಿಸುತ್ತದೆ. ನಿನ್ನ ಮೇಲಲ್ಲ, ಇಷ್ಟು ವಯಸ್ಸಾದರೂ ಒಂದು ವಾಕ್ಯ ಪೂರ್ತಿ ಮಾಡಲಾಗದ ನನ್ನ ಮೇಲೆ. ಮತ್ತೆ — ನೀನು ಯಾವತ್ತೂ ಉರುಳಿದ್ದರವರೆಗೆ ಮಾತ್ರ ಹೇಳುತ್ತೀಯ. ಎದ್ದು ನಿಂತದ್ದನ್ನು ಹೇಳುವುದೇ ಇಲ್ಲ.

ನಾಳೆ ಹಿರಿಯೂರಿಗೆ ಬರುತ್ತಿದ್ದೇನೆ. ಕಾಫಿಗೆ ಏಳಬೇಡ, ಅಕ್ಕ. ನೀನು ಎದ್ದು ನಿಂತಲ್ಲಿಂದ ಈ ಸಲ ನಾನು ಶುರುಮಾಡುತ್ತೇನೆ.