ಸರೋಜಮ್ಮನವರು ಬಡಿಸಿದ ಮುದ್ದೆ

ಬೆಳಿಗ್ಗೆ ಆರೋಗ್ಯ ಉಪಕೇಂದ್ರದ ಬೀಗ ತೆಗೆದೆ, ಕಸ ಗುಡಿಸಿದೆ, ಬಂದ ಕೂಸುಗಳಿಗೆ ಲಸಿಕೆ ಹಾಕಿದೆ, ಒಬ್ಬ ಅಜ್ಜನ ಕಾಲಿನ ಗಾಯ ತೊಳೆದು ಪಟ್ಟಿ ಕಟ್ಟಿದೆ, ಕಿತ್ತ ಚಪ್ಪಲಿಗೆ ಪಿನ್ನು ಸಿಕ್ಕಿಸಿಕೊಂಡೆ. ಉಳಿದದ್ದು ಸರೋಜಮ್ಮನವರ ಮನೆ. ಅಲ್ಲಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ.

ಅದು ಕೋವಿಡ್ ಮುಗಿದ ಮರುವರ್ಷ. ಮುಳಬಾಗಿಲಿನಿಂದ ವರ್ಗವಾಗಿ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಕಡೆ ಆರೋಗ್ಯ ಸಹಾಯಕಿಯಾಗಿದ್ದೆ. ಸರೋಜಮ್ಮನವರ ಮಗ ಲೋಕೇಶ ಕಲ್ಲಿನ ವಿಗ್ರಹ ಕೆತ್ತುವವನು, ಮೂವತ್ತೈದರ ಸಣಕಲು ಆಳು. ಬೀಡಿಯಿಲ್ಲ, ಕುಡಿತವಿಲ್ಲ. ಹಿಂದಿನ ವಾರ ತಲೆನೋವೆಂದು ಬಂದಾಗ ಬಿ.ಪಿ. 170/110 ಇತ್ತು. ಯಂತ್ರವೇ ಕೆಟ್ಟಿರಬೇಕೆಂದು ಇನ್ನೊಂದು ತೋಳಿಗೂ ಕಟ್ಟಿ ನೋಡಿದೆ, ಅಷ್ಟೇ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರದ ನಮ್ಮ ಡಾಕ್ಟರು ಮಾತ್ರೆ ಶುರು ಮಾಡಿ, ಹುಟ್ಟಿದಾಗ ತೂಕ ಎಷ್ಟಿತ್ತೆಂದು ಅವನನ್ನು ಕೇಳಿದರು. ಅವನಿಗೇನು ಗೊತ್ತು? ಆಮೇಲೆ ನನಗೆ ಬಿಡಿಸಿ ಹೇಳಿದರು: ಬಸಿರಲ್ಲಿ ತಾಯಿಯ ಊಟ ಕಮ್ಮಿಯಾದರೆ ಕೂಸಿನ ಮೈ ಇದ್ದದ್ದನ್ನು ಮಿದುಳಿಗೆ ಕೊಟ್ಟು ಉಳಿದ ಕಡೆ ಜಿಪುಣತನ ಮಾಡುತ್ತದೆ; ಹಾಗೆ ಕಮ್ಮಿ ತೂಕದಲ್ಲಿ ಹುಟ್ಟಿದವರ ರಕ್ತನಾಳಗಳು ಮುಂದೆ ಬೇಗ ಗಡುಸಾಗಿ ಬಿ.ಪಿ. ಏರಬಹುದು. ಎಲ್ಲರಿಗೂ ಹಾಗಾಗುವುದಿಲ್ಲ, ಉಪ್ಪು, ವಂಶ, ಎಲ್ಲವೂ ಸೇರಿರುತ್ತದೆ.

ಲೋಕೇಶನ ಹೆಂಡತಿ ಗೀತಾಗೆ ಆಗ ಏಳು ತಿಂಗಳು. ಹೊಟ್ಟೆ ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಹೋದಾಗಲೆಲ್ಲ ತಿನ್ನು ಎಂದು ಅವಳಿಗೇ ಹೇಳಿ ಹೇಳಿ ನನ್ನ ಬಾಯಿ ಸೋತಿತ್ತು. ಅವಳು ತಲೆಯಾಡಿಸುತ್ತಿದ್ದಳು, ಅಷ್ಟೇ. ಅಂದು ಹೋದಾಗ ಊಟದ ಹೊತ್ತು. ಸರೋಜಮ್ಮ ಸೊಸೆಯ ತಟ್ಟೆಗೆ ನಿಂಬೆಹಣ್ಣಿನಷ್ಟು ಮುದ್ದೆ ಹಾಕಿದರು. ಇಷ್ಟೇನಾ ಎಂದೆ.

"ಜಾಸ್ತಿ ತಿಂದ್ರೆ ಕೂಸು ದಪ್ಪ ಆಗ್ತೈತೆ ಸಿಸ್ಟರಮ್ಮ. ಹೆರೋಳು ಇವಳೇ ತಾನೆ? ನಮ್ಮಮ್ಮ ನಂಗೂ ಹಿಂಗೇ ಹಾಕಿದ್ಳು. ಲೋಕೇಶ ಹುಟ್ಟಿದಾಗ ಬೆಕ್ಕಿನ ಮರಿ ತರ ಇದ್ದ, ಮೊರದಾಗೆ ಮಲಗಿಸಿದ್ದೆ."

"ಈಗ್ಲೂ ಮೊರದಾಗೆ ಹಿಡಿಸ್ತೀನಿ ಕಣಮ್ಮ," ಎಂದು ಲೋಕೇಶ ಕೈಯಲ್ಲಿದ್ದ ಕಲ್ಲಿನ ಪುಡಿ ತೊಳೆಯುತ್ತಾ ನಕ್ಕ.

ನನಗೆ ನಗು ಬರಲಿಲ್ಲ. ಡಾಕ್ಟರು ಹೇಳಿದ್ದನ್ನು ಆದಷ್ಟು ಮೆತ್ತಗೆ ಹೇಳಿದೆ. ಸರೋಜಮ್ಮ ಸಾರಿನ ಸೌಟು ಹಿಡಿದೇ ಕೇಳಿಸಿಕೊಂಡರು.

"ಹಂಗಾದ್ರೆ ಇವನ ತಲೆನೋವು ನಾನು ಕೊಟ್ಟಿದ್ದಾ?"

"ಅದು ಯಾರಿಗೂ ಗೊತ್ತಾಗಲ್ಲಮ್ಮ. ಇವಳ ತಟ್ಟೆ ಮಾತ್ರ ಇನ್ನೂ ನಿಮ್ಮ ಕೈಲಿದೆ," ಎಂದೆ.

ಸರೋಜಮ್ಮ ಸೌಟು ಕೆಳಗಿಟ್ಟು, ತಮಗೆಂದು ಎತ್ತಿಟ್ಟಿದ್ದ ದೊಡ್ಡ ಮುದ್ದೆಯನ್ನು ಸೊಸೆಯ ತಟ್ಟೆಗೆ ಹಾಕಿದರು. "ತಿನ್ನೇ. ಹೆರಿಗೆಗೆ ನಾನಿರ್ತೀನಿ."

ತಿನ್ನುವವಳಿಗಿಂತ ಮೊದಲು ಬಡಿಸುವವರಿಗೆ ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಅಂದು ಅಲ್ಲೇ ಉಂಡೆ: ಮುದ್ದೆ, ಅವರೆಕಾಳಿನ ಸಾರು, ಒಂದು ಹೋಳು ಈರುಳ್ಳಿ. ಸರೋಜಮ್ಮ ಬರೀ ಸಾರು ಕುಡಿದರು. ಉಂಡವಳೇ ಗೀತಾ ನಿದ್ದೆ ಹೋದಳು, ಗೋಡೆಗೊರಗಿ, ಕೈ ತೊಳೆಯುವ ಮೊದಲೇ. ಅವಳ ಎಂಜಲು ತಟ್ಟೆಯನ್ನು ಅತ್ತೆ ಸದ್ದಾಗದಂತೆ ಎತ್ತಿದರು.