ಬರೆಯದೆ ಬಿಟ್ಟ ಒಂದು ಸಾಲು

ಜಿಗಣಿಯ ಕಾರ್ಖಾನೆಯೊಂದರಲ್ಲಿ ಯಾರು ಯಾವ ಕೆಲಸವನ್ನು ಹೇಗೆ ಮಾಡುತ್ತಾರೆಂದು ಕೇಳಿ ಬರೆದಿಡುವುದು ನನ್ನ ಕೆಲಸವಾಗಿತ್ತು. ಎಲ್ಲರೂ ಸಂತೋಷದಿಂದಲೇ ಹೇಳಿದರು. ಕುಲುಮೆಯ ಮಲ್ಲಪ್ಪನವರು ಮಾತ್ರ, ಕಾದ ಕಬ್ಬಿಣವನ್ನು ಯಾವಾಗ ಹೊರಗೆ ತೆಗೆಯಬೇಕು ಎಂಬಲ್ಲಿಗೆ ಬಂದು ನನ್ನ ಪುಸ್ತಕಕ್ಕೆ ಕೈ ಅಡ್ಡ ಹಿಡಿದರು. ಶಾಖ ತೋರಿಸುವ ಮೀಟರ್ ಕೆಟ್ಟು ವರ್ಷವಾಗಿತ್ತು. ಈಗ ಅವರ ಕಣ್ಣೇ ಮೀಟರು.

"ಇದನ್ನ ಬರದ್ ಕೊಟ್ರ, ನಾಳೆ ನನ್ನ ಜಾಗಾಕ್ಕ ಯಾರನ್ನರ ನಿಲ್ಲಸ್ತಾರ್ರಿ," ಎಂದರು.

ನಾನು ಪೆನ್ನಿಗೆ ಕ್ಯಾಪ್ ಹಾಕಿದೆ. ಅದನ್ನು ನೋಡಿ ಅವರು ಹತ್ತಿರ ಬಂದರು.

"ನಿಮಗಷ್ಟ ಹೇಳ್ತೀನ್ರಿ. ಕುಸುಬಿ ಹೂವು ಬಾಡಾಕ ಹತ್ತಿದಾಗ ಒಂದು ಕೆಂಪು ಬರ್ತದಲ್ರೀ, ಆ ಬಣ್ಣ."

ನಾನು ಕುಸುಬಿ ಹೊಲ ಕಂಡವನಲ್ಲ. ಅದು ಗೊತ್ತಾಗಿಯೇ ಧೈರ್ಯವಾಗಿ ಹೇಳಿದರೋ ಏನೋ.

ಬರೆದು ಮುಗಿಸಿ ಕೊಟ್ಟ ಪುಸ್ತಕದ ಪುಟ ತಿರುಗಿಸಿ ಮಾಲೀಕರು ಕೇಳಿದರು: "ಇಲ್ಲೇನ್ರೀ ಖಾಲಿ ಬಿಟ್ಟಿದೀರಾ?"

"ಎಷ್ಟು ಕೇಳಿದ್ರೂ ನನಗೆ ತಿಳೀಲಿಲ್ಲ ಸಾರ್."

"ಹಾಗಾದ್ರೆ ಮಲ್ಲಪ್ಪನ್ನ ಬಿಡೋ ಹಾಗಿಲ್ಲ ಅನ್ನಿ," ಎಂದು ನಿಟ್ಟುಸಿರಿಟ್ಟರು.

ಕೊನೆಯ ಪುಟದಲ್ಲಿ, ಇಂಥ ಪುಸ್ತಕವನ್ನು ಹೇಗೆ ಬರೆಯಬೇಕು ಎಂಬುದನ್ನೂ ಒಂದಕ್ಷರ ಬಿಡದೆ ವಿವರಿಸಿದ್ದೆ. ಅದನ್ನು ಅವರು ಬಹಳ ಮೆಚ್ಚಿಕೊಂಡರು. ಮುಂದಿನ ತಿಂಗಳಿಂದ ನಾನು ಬರಬೇಕಾಗಿಲ್ಲ ಎಂದರು.